ಮೇಲೆ ಭಾವ, ಬಾವಿಯಲ್ಲಿ ನಾನು

ಫೆಬ್ರವರಿ 3, ಸೋಮವಾರ

ಇವತ್ತು ಹೇಳಿಬಿಟ್ಟೆ. ಹೇಳಿದರೆ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ.

ಭಾವ ನಮ್ಮ ಲಿಫ್ಟ್ ರಿಪೇರಿ ವರ್ಕ್‌ಶಾಪಿನಲ್ಲಿ ಹಳೆಯ ಬ್ರೇಕಿನ ತುಂಡೊಂದನ್ನು ಅರದಿಂದ ಉಜ್ಜುತ್ತಿದ್ದರು. ನಾನು ಓಡಲು ಅನುಕೂಲವಾಗಲಿ ಎಂಬಂತೆ ಬಾಗಿಲ ಹತ್ತಿರವೇ ನಿಂತು, "ಭಾವ, ನಾನು ಪಾಲುದಾರಿಕೆ ಬಿಡ್ತೀನಿ" ಎಂದೆ. ಅರ ನಿಲ್ಲಲಿಲ್ಲ.

"ಬಿಟ್ಟು?"

"ಬೇರೆ ಏನಾದ್ರೂ ನೋಡ್ಕೋತೀನಿ."

"ಶನಿವಾರದ ವಿಷಯಕ್ಕಾ?"

"ಅದೊಂದೇ ಅಲ್ಲ."

"ಒಪ್ಪಂದ ಬರೆದಾಗ ನೀನೂ ಪಕ್ಕದಲ್ಲೇ ಕೂತಿದ್ಯಲ್ಲ. ಬಿಡೋನು ಎರಡು ತಿಂಗಳು ಮುಂಚೆ ಹೇಳ್ಬೇಕು. ಹೇಳಿದೀಯ. ಮಾರ್ಚ್ ಮುಗಿಯೋ ತನಕ ಕೆಲಸಕ್ಕೆ ಬಾ. ಆಮೇಲೆ ನಿನ್ನ ದಾರಿ ನಿಂಗೆ."

ಕಡ್ಡಿ ತುಂಡು ಮಾಡಿದ ಹಾಗೆ ಅಷ್ಟೇ ಮಾತು. ಬೈದಿದ್ದರೆ ಚೆನ್ನಾಗಿತ್ತು. ಭಾವ ಬೈಯುವ ಮನುಷ್ಯ, ಬೈದು ಮುಗಿದ ಮೇಲೆ ಹೆಗಲು ತಟ್ಟುವ ಮನುಷ್ಯ. ಸುಮ್ಮನಿರುವ ಭಾವನನ್ನು ಕಂಡರೆ ನನಗೆ ಭಯ.

ಶನಿವಾರದ ವಿಷಯ ಇಷ್ಟೇ. ಆ ಹತ್ತು ಮಹಡಿಯ ಹಳೆಯ ಕಟ್ಟಡದ ಲಿಫ್ಟಿನ ಬ್ರೇಕು ಸವೆದಿದೆ. ಹೊಸದು ಬರುವ ತನಕ ಲಿಫ್ಟು ನಿಲ್ಲಿಸಿ ಎಂದು ನಾನು ನಿವಾಸಿಗಳ ಸಂಘದ ಕಾರ್ಯದರ್ಶಿಗೆ ಹೇಳಿದೆ. ಭಾವ ನಡುವೆ ಬಂದು, "ಇವನು ಹುಟ್ಟಾ ಪುಕ್ಕಲ ಸಾರ್. ತನ್ನ ನೆರಳು ಅಲ್ಲಾಡಿದ್ರೂ ಲಿಫ್ಟ್ ನಿಲ್ಲಿಸಿ ಅಂತಾನೆ. ಓಡಲಿ ಬಿಡಿ, ನಾನಿದೀನಿ" ಎಂದರು. ಕಾರ್ಯದರ್ಶಿ ನಕ್ಕರು, ವಾಚ್‌ಮನ್ ನಕ್ಕ, ಲಿಫ್ಟಿನೊಳಗೆ ಚೀಲ ಹಿಡಿದು ನಿಂತಿದ್ದ ಹೆಂಗಸರೂ ನಕ್ಕರು. ನಗುತ್ತಿದ್ದ ಅವರನ್ನೇ ಹೊತ್ತುಕೊಂಡು ಲಿಫ್ಟು ಮೇಲೆ ಹೋಯಿತು. ನಾನು ಕೆಳಗೆ ನಿಂತು ನೋಡಿದೆ. ಆ ಲಿಫ್ಟಿನ ಒಳಗೋಡೆಯ ಫಲಕದಲ್ಲಿ ನಮ್ಮಿಬ್ಬರ ಹೆಸರೂ ಇದೆ. ಅವರಿಗೇನಾದರೂ ಆದರೆ ಎಂಬ ಯೋಚನೆಯಲ್ಲಿ ಭಾನುವಾರ ಊಟವೇ ಸೇರಲಿಲ್ಲ.

ಹದಿನೈದು ವರ್ಷ ಜೊತೆಗೆ ಮಾಡಿದ ಕೆಲಸ. ಪುಕ್ಕಲ ಎಂದು ಎಷ್ಟೋ ಸಲ ಕರೆದಿದ್ದಾರೆ, ನಾನೂ ಹಲ್ಲು ಕಿರಿದಿದ್ದೇನೆ. ಇನ್ನು ಆಗದು.

ಫೆಬ್ರವರಿ 5, ಬುಧವಾರ

ಹೇಳುವ ಮೊದಲು ಒಂದು ವಿಷಯ ಯೋಚಿಸಿರಲಿಲ್ಲ, ನನ್ನ ತಲೆಗಿಷ್ಟು. ಈ ಎರಡು ತಿಂಗಳೂ ನನ್ನ ಜೀವ ಭಾವನ ಕೈಯಲ್ಲಿರುತ್ತದೆ.

ಲಿಫ್ಟಿನ ಕೆಲಸ ಒಬ್ಬನಿಂದ ಆಗುವಂಥದ್ದಲ್ಲ. ಲಿಫ್ಟು ಓಡಾಡುವ ಆ ಕತ್ತಲೆಯ ಕೊಳವೆಯನ್ನು ಭಾವ ಬಾವಿ ಎನ್ನುತ್ತಾರೆ, ನನಗೂ ಅದೇ ರೂಢಿ. ಒಬ್ಬ ಬಾವಿಯಲ್ಲಿದ್ದರೆ ಇನ್ನೊಬ್ಬ ಮೇಲೆ ಮೋಟಾರು ರೂಮಿನಲ್ಲಿ ಸ್ವಿಚ್ಚಿನ ಪಕ್ಕ ಇರಬೇಕು. ಇಳಿಯುವವನು "ಮೇಲೆ?" ಎಂದು ಕೂಗಬೇಕು. ಮೇಲಿನವನು ಕರೆಂಟು ಆರಿಸಿ, "ಇದೀನಿ, ಕೈ ಬಿಟ್ಟಿದೀನಿ" ಎನ್ನಬೇಕು. ಆ ಉತ್ತರ ಬರುವ ತನಕ ಬಾವಿಯೊಳಗೆ ಬೆರಳನ್ನೂ ಇಡಬಾರದು. ಕೆಲಸಕ್ಕೆ ಸೇರಿದ ಮೊದಲ ದಿನ ಭಾವ ಕಿವಿ ಹಿಂಡಿ ಕಲಿಸಿದ ಪಾಠ ಇದು. ಒಂದು ಸಲ ಉತ್ತರಕ್ಕೆ ಮೊದಲೇ ಕಾಲಿಟ್ಟದ್ದಕ್ಕೆ ಇಡೀ ದಿನ ನನ್ನನ್ನು ವ್ಯಾನಿನಲ್ಲಿ ಕೂರಿಸಿದ್ದರು.

ಇವತ್ತು ದಂತವೈದ್ಯರ ಕಟ್ಟಡದಲ್ಲಿ ನಾನು "ಮೇಲೆ?" ಎಂದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ. ಮೇಲಿನಿಂದ ಟಣ್ ಎಂದು ಸದ್ದು ಬಂತು. ಸ್ಪ್ಯಾನರಿನಿಂದ ಕಬ್ಬಿಣದ ಹಳಿಗೆ ಬಡಿದಿದ್ದರು. ಮಾತಾಡಲು ಮನಸ್ಸಿಲ್ಲವಂತೆ, ಟಣ್ ಅಂತೆ. ಇಳಿದೆ. ಇಳಿಯದೆ ಏನು ಮಾಡಲಿ? ಮಾತಿನಲ್ಲಾದರೆ ಮನುಷ್ಯನ ಮನಸ್ಸು ಸ್ವಲ್ಪವಾದರೂ ಗೊತ್ತಾಗುತ್ತದೆ, ಆ ಟಣ್‌ನಲ್ಲಿ ಏನು ಗೊತ್ತಾದೀತು? ಸ್ವಿಚ್ಚು ಹಾಕಲು ಒಂದು ಬೆರಳು ಸಾಕು ಎಂಬುದೇ ತಲೆಯಲ್ಲಿ ಕೊರೆಯಿತು. ಗ್ರೀಸು ಹಚ್ಚುವ ಕುಂಚ ಎರಡು ಸಲ ಕೈ ಜಾರಿತು.

ಫೆಬ್ರವರಿ 11, ಮಂಗಳವಾರ

ಇವಳಿಗೆ ಹೇಳಿದೆ. ಇವಳು ಬಟ್ಟೆ ಮಡಚುತ್ತಾ ನಕ್ಕಳು.

"ನಿಮ್ಮ ಭಾವ ನಿಮ್ಮನ್ನ ಯಾಕೆ ಸಾಯಿಸ್ತಾರೆ? ಆಮೇಲೆ ಗ್ರೀಸು ಯಾರು ಹಚ್ಚೋದು?"

"ತಮಾಷೆ ಅಲ್ಲ ಕಣೆ."

"ಅಷ್ಟು ಹೆದರಿಕೆ ಇದ್ರೆ ನೇರವಾಗಿ ಕೇಳಿ. ಭಾವ, ಯಾಕೆ ಕೂಗ್ತಿಲ್ಲ ಅಂತ. ಬಾಯಿ ಇರೋದು ಯಾಕೆ?"

ಇವಳಿಗೇನು, ದಡದಲ್ಲಿ ನಿಂತವರಿಗೆ ನೀರು ಮೊಣಕಾಲುದ್ದವೇ. ಕೇಳಿದರೆ "ಪುಕ್ಕಲ" ಎನ್ನುತ್ತಾರೆ. ಆ ಮಾತು ಇನ್ನೊಮ್ಮೆ ಕೇಳುವುದಕ್ಕಿಂತ ಬಾವಿಯೇ ವಾಸಿ.

ಭಾವ ಇವತ್ತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ನನ್ನ ಕಡೆ ಸರಿಸಿದರು. ಅಕ್ಕ ಮಾಡಿ ಕಳಿಸಿದ್ದು. ಅವರು ಆ ಕಡೆ ತಿರುಗಿದಾಗ ಕಿಟಕಿಯ ಕುಂಡಕ್ಕೆ ಸುರಿದೆ. ಚಹಾದಲ್ಲಿ ಏನೂ ಇರುವುದಿಲ್ಲ ಎಂದು ನನಗೂ ಗೊತ್ತು. ಆದರೂ ಸುರಿದೆ.

ಫೆಬ್ರವರಿ 20, ಗುರುವಾರ

ಉಪಾಯ ಸಿಕ್ಕಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥದ್ದು.

ಬಾವಿಗೆ ಇಳಿಯುವ ಮೊದಲು, ಭಾವ ಕಾರ್ಯದರ್ಶಿ ಜೊತೆಗೋ ವಾಚ್‌ಮನ್ ಜೊತೆಗೋ ಮಾತಿಗೆ ನಿಂತಿರುತ್ತಾರಲ್ಲ, ಆ ಹೊತ್ತಿನಲ್ಲಿ ನಾನು ಮೋಟಾರು ರೂಮಿಗೆ ಹೋಗಿ ಫ್ಯೂಸನ್ನೇ ಕಿತ್ತು ಜೇಬಿಗೆ ಹಾಕಿಕೊಳ್ಳುವುದು. ಆಮೇಲೆ ಯಾರು ಯಾವ ಸ್ವಿಚ್ಚು ಒತ್ತಿದರೂ ಲಿಫ್ಟು ಅಲ್ಲಾಡದು. ಕೆಲಸ ಮುಗಿದ ಮೇಲೆ ಸದ್ದಿಲ್ಲದೆ ಹಾಕಿಬಿಡುವುದು. ಅವರಿಗೆ ಹೇಳುವಂತಿಲ್ಲ. ಹೇಳಿದರೆ ನಿಮ್ಮನ್ನು ನಂಬುವುದಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ಅಕ್ಕನ ಕಿವಿಗೂ ಹೋಗುತ್ತದೆ.

ಇವತ್ತು ಮಾಡಿ ನೋಡಿದೆ. ಫ್ಯೂಸು ತೊಡೆಗೆ ಒತ್ತುತ್ತಿತ್ತು. ಎಷ್ಟೋ ದಿನದ ಮೇಲೆ ಬಾವಿಯಲ್ಲಿ ಸಿಳ್ಳೆ ಹಾಕಿದೆ. ಕೂಗುವ ಗೋಜಿಗೂ ಹೋಗಲಿಲ್ಲ. ಅವರು ಟಣ್ ಎಂದರೆ ಎನ್ನಲಿ, ಬಿಟ್ಟರೆ ಬಿಡಲಿ.

ಮಾರ್ಚ್ 4, ಮಂಗಳವಾರ

ಮಧ್ಯಾಹ್ನವೇ ಮನೆಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಇದ್ದದ್ದು ಇದ್ದ ಹಾಗೆ ಬರೆದಿಡಬೇಕು, ನಾಳೆ ನಾನೇ ನಂಬದೆ ಹೋಗಬಹುದು.

ಹತ್ತು ಮಹಡಿಯ ಕಟ್ಟಡ. ಸವೆದ ಬ್ರೇಕಿನದು. ಭಾವ ಕೆಳಗೆ ಕಾರ್ಯದರ್ಶಿ ಜೊತೆ ಇದ್ದರು. ನಾನು ಮೇಲೆ ಹೋಗಿ ಫ್ಯೂಸು ಕಿತ್ತೆ, ಎಂಟನೆಯ ಮಹಡಿಯ ಬಾಗಿಲು ತೆರೆದು ಲಿಫ್ಟಿನ ನೆತ್ತಿಯ ಮೇಲೆ ಇಳಿದೆ. ಹಳಿಗೆ ಗ್ರೀಸು ಹಚ್ಚುತ್ತಿದ್ದೆ. ಲಿಫ್ಟಿನ ನೆತ್ತಿಯ ಮೇಲೆ ಒಂದು ಕೆಂಪು ಗುಂಡಿ ಇರುತ್ತದೆ, ಕೆಲಸಕ್ಕೆ ಇಳಿದವನು ಒತ್ತಿಡಬೇಕು, ಒತ್ತಿದ್ದರೆ ಲಿಫ್ಟು ಚಲಿಸದು. ನಾನು ಒತ್ತಿರಲಿಲ್ಲ. ಫ್ಯೂಸೇ ಜೇಬಿನಲ್ಲಿರುವಾಗ ಒತ್ತುವ ಅಗತ್ಯವೇನು?

ಕಾಲ ಕೆಳಗೆ ನಡುಕ ಬಂತು. ಲಿಫ್ಟು ಮೇಲೆ ಹೊರಟಿತು. ನನ್ನನ್ನು ಹೊತ್ತುಕೊಂಡೇ ಹೊರಟಿತು. ಮೇಲೆ ಕಬ್ಬಿಣದ ತೊಲೆ ಕಾಣುತ್ತಿತ್ತು, ಹತ್ತಿರ ಬರುತ್ತಿತ್ತು. ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಮಂಡಿಯೂರಿ ಬಿದ್ದು ಗುಂಡಿಗೆ ಗುದ್ದಿದೆ. ಒತ್ತಿದ ಮೇಲೂ ಆ ಹಾಳು ಬ್ರೇಕು ಒಂದು ಮೊಳ ಜಾರಿಕೊಂಡೇ ಹೋಯಿತು. ಲಿಫ್ಟು ನಿಂತಾಗ ತೊಲೆ ನನ್ನ ತಲೆಯ ಮೇಲೇ ಇತ್ತು. ಕುಳಿತವನಿಗೆ ಕೈಗೆಟಕುವಷ್ಟು ಹತ್ತಿರ.

ಭಾವ ಮೇಲಿನ ಕಿಂಡಿಯಿಂದ ಟಾರ್ಚು ಬಿಟ್ಟರು. ನನ್ನನ್ನು ಕಂಡದ್ದೇ ಟಾರ್ಚು ಅವರ ಕೈಯಿಂದ ಬಿತ್ತು.

ಹೊರಗೆ ಎಳೆದುಕೊಂಡ ಮೇಲೆ ನನ್ನ ಅಂಗಿ ಹಿಡಿದು ಕೇಳಿದರು: "ನೀನು ಒಳಗಿದ್ಯಾ? ನನಗೆ ಒಂದು ಮಾತು ಹೇಳದೆ ಒಳಗೆ ಇಳಿದಿದ್ಯಾ?"

"ನೀವು ಕರೆಂಟ್ ಹಾಕಿದ್ರಿ."

"ಬ್ರೇಕ್ ನೋಡೋಣ ಅಂತ ಸ್ವಿಚ್ ಹಾಕ್ದೆ, ಬೋರ್ಡ್ ಸತ್ತಿತ್ತು. ತೆಗೆದು ನೋಡಿದ್ರೆ ಫ್ಯೂಸೇ ಇಲ್ಲ. ಬ್ಯಾಗಲ್ಲಿದ್ದ ಹೊಸದು ಹಾಕ್ದೆ. ಯಾರೋ ಮೇಲಿಂದ ಬಟನ್ ಒತ್ತಿರ್ಬೇಕು, ಓಡ್ತು. ಫ್ಯೂಸ್ ಎಲ್ಲಿ?"

ಜೇಬಿನಿಂದ ತೆಗೆದು ತೋರಿಸಿದೆ. ಅದನ್ನೂ ನನ್ನ ಮುಖವನ್ನೂ ನೋಡಿದರು. ಆಮೇಲೆ ಅಂಗಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

"ಯಾಕೋ? ನನ್ನ ಕೈಯಲ್ಲಿ ಕೊಲೆ ಮಾಡಿಸ್ಬೇಕು ಅಂತಿದ್ಯಾ?"

ನಾನು ಒಳಗಿರುವುದು ಗೊತ್ತಿರಲಿಲ್ಲವಂತೆ! ನನಗೇ ಕಸುಬು ಕಲಿಸಿದವರಿಗೆ, ಮೇಲೆ ಬಂದ ಮೇಲೆ ಒಮ್ಮೆ ಕೂಗಿ ನೋಡಬೇಕು ಎಂದು ಗೊತ್ತಿರಲಿಲ್ಲವೇ? ನಾನೂ ಕೂಗಿರಲಿಲ್ಲ, ಸರಿ. ಆದರೆ ನಾನು ಒಳಗಿದ್ದವನು. ಒಳಗಿದ್ದವನ ಜೀವ ತಾನೇ ಹೋಗುವುದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೊಲೆ ಎಂಬ ಮಾತು ಮೊದಲು ಯಾರ ಬಾಯಿಂದ ಬಂತು? ನನ್ನ ಬಾಯಿಂದ ಅಲ್ಲ.

ಮಾರ್ಚ್ 5, ಬುಧವಾರ

ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ. ಜ್ವರವೇನೂ ಇಲ್ಲ. ಕಣ್ಣು ಮುಚ್ಚಿದರೆ ತೊಲೆ.

ಮಾರ್ಚ್ 8, ಶನಿವಾರ

ಹೊಸ ಬ್ರೇಕು ಬಂತಂತೆ. ನಾನು ಬಿಡಿಭಾಗ ತರಲು ಹೋಗಿದ್ದಾಗ ಭಾವ ಬೇರೊಬ್ಬ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋಗಿ ಹಾಕಿ ಬಂದಿದ್ದಾರೆ. ಕಾರ್ಯದರ್ಶಿ ಫೋನು ಮಾಡಿ, "ನೀವು ಹೇಳಿದ್ದೇ ಸರಿ ಆಯ್ತು ನೋಡಿ, ತುಂಬಾ ಸವೆದಿತ್ತಂತೆ. ಹೆಂಗಸರು ಮಕ್ಕಳು ಓಡಾಡೋ ಲಿಫ್ಟು" ಎಂದರು. ಹೌದಲ್ಲ ಎನಿಸಿತು. ಆ ಹೆಂಗಸರ ವಿಷಯ ಮರೆತೇಹೋಗಿತ್ತು.

ಇವಳು ಅಡುಗೆಮನೆಯಿಂದ ಮೂರು ಸಲ ಕರೆದಳಂತೆ. "ಕಿವಿ ಕೇಳ್ಸಲ್ವಾ?" ಎಂದು ಬಂದು ನಿಂತಳು. ಕೇಳಿತ್ತು. ಉತ್ತರ ಕೊಟ್ಟರೆ ನಾನೆಲ್ಲಿದ್ದೇನೆ ಎಂದು ಗೊತ್ತಾಗುತ್ತದೆ ಎಂಬ ಎಂಥದೋ ಯೋಚನೆ ಬಂತು, ಸುಮ್ಮನಿದ್ದೆ. ಮಗಳು, "ಅಪ್ಪ ಈಗ ಮ್ಯೂಟಲ್ಲಿದ್ದಾರೆ" ಎಂದಳು. ಇಬ್ಬರೂ ನಕ್ಕರು. ನಗಲಿ.

ಮಾರ್ಚ್ 13, ಗುರುವಾರ

ಇವತ್ತು ಬಾವಿಗೆ ಇಳಿಯುವ ಸರದಿ ಭಾವನದು. ಗೋದಾಮಿನ ಲಿಫ್ಟು. ಅವರು ತಳದಲ್ಲಿ, ಲಿಫ್ಟಿನ ಅಡಿಯ ಗುಂಡಿಯಲ್ಲಿ. ನಾನು ಮೇಲೆ, ಸ್ವಿಚ್ಚಿನ ಪಕ್ಕ. ನಾನು ಕರೆಂಟು ಆರಿಸಿ ಹಳಿಗೆ ಟಣ್ ಎಂದು ಬಡಿದ ಮೇಲೆಯೇ ಅವರು ಇಳಿದಿದ್ದರು. ಮೋಟಾರು ನಿಂತು, ಕೊಳವೆಯಲ್ಲಿ ಗಾಳಿಯ ಸದ್ದು ಕೂಡ ಇರಲಿಲ್ಲ.

"ಮೇಲೆ?" ಎಂದರು.

ಟಣ್ ಅಲ್ಲ. ಬಾಯಿಬಿಟ್ಟು ಕೂಗಿದರು, ಜಗಳವಾದ ಮೇಲೆ ಮೊದಲ ಸಲ. ನಾನು ಉತ್ತರ ಕೊಡಬೇಕೆಂದೇ ಬಾಯಿ ತೆರೆದೆ. ಕೊಡಲಿಲ್ಲ.

"ಮೇಲೆ? ಇದೀಯೇನೋ?"

ಸ್ವರ ಸಣ್ಣಗಾಗಿತ್ತು. ಸ್ವಿಚ್ಚಿನಿಂದ ಕೈ ದೂರವೇ ಇತ್ತು, ಅದನ್ನು ಇಲ್ಲಿ ಬರೆದಿಡುತ್ತೇನೆ. ನಾನು ಏನೂ ಮಾಡಲಿಲ್ಲ. ಸುಮ್ಮನೆ ಕೇಳಿಸಿಕೊಳ್ಳುತ್ತಾ ನಿಂತೆ.

ಮೂರನೆಯ ಸಲ ನನ್ನ ಹೆಸರು ಹಿಡಿದು ಕರೆದರು. ಪುಕ್ಕಲ ಎನ್ನಲಿಲ್ಲ, ನನ್ನ ಹೆಸರು. ಎಷ್ಟು ವರ್ಷವಾಗಿತ್ತೋ ಅವರ ಬಾಯಲ್ಲಿ ಅದನ್ನು ಕೇಳಿ. ಕೇಳಿ ಹಿತವಾಯಿತು, ಸುಳ್ಳು ಹೇಳುವುದಿಲ್ಲ. ಇನ್ನೊಂದು ಸಲ ಕರೆಯಲಿ ಎನಿಸಿತು.

ಕರೆಯಲಿಲ್ಲ. ಏಣಿಯ ಸದ್ದಾಯಿತು, ಗಡಿಬಿಡಿಯಲ್ಲಿ ಹತ್ತುವ ಸದ್ದು, ಏನೋ ಬಿದ್ದ ಸದ್ದು. ನಾನು ಕೆಳಗೆ ಬಂದಾಗ ಗೋದಾಮಿನ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಅಂಗೈ ಕಿತ್ತುಹೋಗಿ ರಕ್ತ ಬರುತ್ತಿತ್ತು. ಕರವಸ್ತ್ರ ಕೊಡಲು ಹೋದೆ, ಕೈ ಹಿಂದಕ್ಕೆ ಎಳೆದುಕೊಂಡರು.

ಚೆನ್ನಾಗಿ ಊಟ ಮಾಡಿದೆ.

ಮಾರ್ಚ್ 16, ಭಾನುವಾರ

ಅಕ್ಕ ಬಂದಿದ್ದಳು. ಚಪ್ಪಲಿ ಬಿಡುವ ಮೊದಲೇ ಮಗಳ ಜಡೆ ಎಳೆದಳು, ಇವಳು ಹಾಸಿದ ಹೊದಿಕೆಯ ಸುಕ್ಕು ಸರಿಮಾಡಿದಳು. ನನ್ನನ್ನು ಮಾತ್ರ ನೋಡಲಿಲ್ಲ. ಆಮೇಲೆ ಬಾಲ್ಕನಿಗೆ ಕರೆದಳು.

"ಗುರುವಾರ ಅವರು ಕೂಗಿದಾಗ ನೀನು ಮೇಲೇ ಇದ್ಯಾ?"

"ಇದ್ದೆ. ಸದ್ದಲ್ಲಿ ಕೇಳಿಸ್ಲಿಲ್ಲ ಅಕ್ಕ."

"ಮೋಟರ್ ನಿಂತಿತ್ತಂತಲ್ಲ?"

ಲಿಫ್ಟಿನವನ ಹೆಂಡತಿಯಾಗಿ ಇಷ್ಟು ವರ್ಷ ಬಾಳಿದವಳಿಗೆ ಅಷ್ಟು ತಿಳಿಯದೇ? ನಾನು ಕೆಳಗಿನ ರಸ್ತೆ ನೋಡುತ್ತಾ ನಿಂತೆ. ಅವಳು ಬಾಲ್ಕನಿಯ ಕಂಬಿ ಬಿಟ್ಟು ಗೋಡೆಯ ಕಡೆ ಸರಿದು ನಿಂತು ಮಾತಾಡಿದಳು.

"ಅವರು ಬಾಯಿಬಡುಕರು, ಒಪ್ತೀನಿ. ನಾಲ್ಕು ಜನರ ಮುಂದೆ ನಿನ್ನ ಮಾನ ಕಳೆದ್ರು, ತಪ್ಪೇ. ನಾನೇ ಬೈದಿದೀನಿ. ಆದ್ರೆ ಆ ಫ್ಯೂಸ್ ವಿಷಯ ಆದಾಗಿಂದ ಅವರಿಗೆ ನಿದ್ದೆ ಇಲ್ಲ ಕಣೋ. ನಿನ್ನನ್ನ ಕೊಂದೇಬಿಡ್ತಿದ್ದೆ ಅಂತ ಕೂತಲ್ಲೇ ಅಳ್ತಿದ್ರು. ಆಮೇಲೆ ಗುರುವಾರ ಬಂದು ಅದನ್ನೂ ನಿಲ್ಲಿಸಿಬಿಟ್ರು."

"ಅಕ್ಕ, ಬಾವಿಯಲ್ಲಿ ನಡುಗಿದೋನು ನಾನು. ಒಂದೂವರೆ ತಿಂಗಳಿಂದ ಹೆದರಿ ಸಾಯ್ತಿರೋನು ನಾನು."

"ಗೊತ್ತು. ಚಿಕ್ಕಂದಿನಿಂದ ನೋಡಿದೀನಲ್ಲ. ಜಿರಲೆಗೆ ಹೆದರಿ ಮಂಚ ಹತ್ತಿದೋನು, ಆಮೇಲೆ ಅದೇ ಜಿರಲೇನ ಜಜ್ಜಿ ಜಜ್ಜಿ ಪುಡಿ ಮಾಡಿದ್ದೆ."

ಇದಕ್ಕೂ ಅದಕ್ಕೂ ಏನು ಸಂಬಂಧ? ಅಕ್ಕ ಯಾವಾಗಲೂ ಹೀಗೆಯೇ, ಎಲ್ಲಿಯ ಮಾತೋ ಎಲ್ಲಿಗೋ. ಹೋಗುವಾಗ ಹೇಳಿದಳು: "ಇನ್ನು ನೀವಿಬ್ರೂ ಒಟ್ಟಿಗೆ ಕೆಲಸಕ್ಕೆ ಹೋಗೋದು ಬೇಡ. ಅವರು ಬೇರೆಯೋರನ್ನ ನೋಡ್ಕೊಂಡಿದಾರೆ. ತಿಂಗಳ ಕೊನೇಲಿ ವಕೀಲರ ಹತ್ರ ಬಾ, ಸಹಿ ಹಾಕಿ ಮುಗಿಸೋಣ."

ಗೆದ್ದೆ ಅನ್ನಬೇಕು. ಇನ್ನು ಬಾವಿ ಇಲ್ಲ, ಟಣ್ ಇಲ್ಲ. ಇವಳಿಗೆ ಹೇಳಿದೆ. ಇವಳು, "ಅಕ್ಕ ಒಂದು ಲೋಟ ನೀರೂ ಕುಡೀದೆ ಹೋದ್ರಲ್ರೀ" ಎಂದಳು.

ಮಾರ್ಚ್ 31, ಸೋಮವಾರ

ಮುಗಿಯಿತು.

ವಕೀಲರ ಕಚೇರಿ ನಾಲ್ಕನೆಯ ಮಹಡಿಯಲ್ಲಿದೆ. ನಾನು ಬೇಗನೆ ಲಿಫ್ಟಿನಲ್ಲಿ ಹೋಗಿ ಕಚೇರಿಯೊಳಗೆ ಕೂತಿದ್ದೆ. ಒಳ್ಳೆಯ ಹೊಸ ಲಿಫ್ಟು, ಬೇರೆ ಯಾರದೋ ಉಸ್ತುವಾರಿ. ಸ್ವಲ್ಪ ಹೊತ್ತಾದ ಮೇಲೆ ಏದುಸಿರು ಕೇಳಿತು. ಭಾವ ಮೊಣಕಾಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು, ಹಿಂದೆ ಅಕ್ಕ. ಅಂಗೈಗೆ ಪಟ್ಟಿ ಇನ್ನೂ ಇತ್ತು.

ವಕೀಲರು ನಗುತ್ತಾ, "ಏನ್ರೀ, ಲಿಫ್ಟ್ ರಿಪೇರಿ ಮಾಡೋರೇ ಮೆಟ್ಟಿಲು ಹತ್ಕೊಂಡು ಬರೋದಾ? ಕೆಟ್ಟಿದ್ಯಾ?" ಎಂದರು.

"ಇಲ್ಲ, ಸರಿಯಾಗಿದೆ" ಎಂದಳು ಅಕ್ಕ. ಹೇಳಿ ನನ್ನ ಕಡೆ ನೋಡಿದಳು. ನಾನು ಸೆಖೆ ಎಂಬ ಮಾತೇನೋ ಆಡಿದೆ.

ಸಹಿ ಹಾಕಿದೆವು. ಭಾವನ ಲಿಫ್ಟುಗಳು ಭಾವನಿಗೆ, ನನ್ನ ಉಪಕರಣಗಳು ನನಗೆ. ಹೆಸರು ಬೇರೆ ಮಾಡಲು ಎಷ್ಟು ಕಡಿಮೆ ಹೊತ್ತು ಬೇಕು ಎಂದು ಆಶ್ಚರ್ಯವಾಯಿತು. ಏಳುವಾಗ ಭಾವನ ಮೊಣಕಾಲು ನೋಡಿ ಕೆಡುಕೆನಿಸಿತು. ಹದಿನೈದು ವರ್ಷ ಅದೇ ಕಾಲು ಏಣಿ ಹತ್ತಿ ನನಗೆ ಕಸುಬು ಕಲಿಸಿದ್ದು. "ಭಾವ, ನೀವು ಲಿಫ್ಟಲ್ಲಿ ಬನ್ನಿ. ನಾನು ಮೆಟ್ಟಿಲಿಳೀತೀನಿ" ಎಂದೆ. ಭಾವ ಆಗಲಿ ಎಂದು ತಲೆಯಾಡಿಸಿದರು. ಎರಡು ತಿಂಗಳ ಮೇಲೆ ನಾವಾಡಿದ ಒಳ್ಳೆಯ ಮಾತು ಅದೊಂದೇ.

ಕೆಳಗೆ ಬಂದು ಲಿಫ್ಟಿನ ಬಾಗಿಲ ಮುಂದೆ ನಿಂತೆ. ಬರಲಿ, ಕೈ ಹಿಡಿದು ಆಟೋ ಹತ್ತಿಸೋಣ, ಆಗುವುದಾದರೆ ತಪ್ಪಾಯಿತು ಎನ್ನೋಣ ಎಂದಿತ್ತು ಮನಸ್ಸಿನಲ್ಲಿ. ಬಾಗಿಲ ಮೇಲೆ ಕೆಂಪು ಅಂಕಿ ನಾಲ್ಕು ತೋರಿಸುತ್ತಿತ್ತು. ನಾಲ್ಕರಲ್ಲೇ ಇತ್ತು. ಕಾದೆ. ಲಾಬಿಯ ಕಾವಲಿನವನು, "ಯಾರಿಗಾದ್ರೂ ಕಾಯ್ತಿದ್ದೀರಾ?" ಎಂದ. "ನಮ್ಮಕ್ಕ ಭಾವ ಬರ್ತಿದಾರೆ" ಎಂದೆ. ಅಂಕಿ ಬದಲಾಗಲಿಲ್ಲ. ಲಿಫ್ಟು ಕೆಟ್ಟಿತೇ ಎಂದು ಕಿವಿ ಇಟ್ಟು ಕೇಳಿದೆ. ಕೆಟ್ಟಿರಲಿಲ್ಲ. ಯಾರೂ ಗುಂಡಿ ಒತ್ತಿರಲಿಲ್ಲ ಅಷ್ಟೇ.

ಗಾಳಿಗೆ ಎಂದು ಹೊರಗೆ ಬಂದು ತಲೆಯೆತ್ತಿದೆ. ನಾಲ್ಕನೆಯ ಮಹಡಿಯ ಕಿಟಕಿಯಲ್ಲಿ ಅಕ್ಕ ನಿಂತಿದ್ದಳು. ನನ್ನನ್ನೇ ನೋಡುತ್ತಿದ್ದಳು. ಕೈ ಬೀಸಿದೆ. ಅವಳು ಬೀಸಲಿಲ್ಲ. ಆಗ ಬಂದ ಹೆದರಿಕೆ ಆ ತೊಲೆಯ ಕೆಳಗೂ ಬಂದಿರಲಿಲ್ಲ.

ರಸ್ತೆ ದಾಟಿದೆ. ಆ ಬದಿಯ ಫುಟ್‌ಪಾತಿನಲ್ಲಿ, ಲಿಫ್ಟಿಗೆ ನನ್ನ ಕೈ ಯಾವ ರೀತಿಯಲ್ಲೂ ತಾಗದಷ್ಟು ದೂರದಲ್ಲಿ ಹೋಗಿ ನಿಂತೆ. ಅಕ್ಕ ಒಳಗೆ ತಿರುಗಿ ಯಾರಿಗೋ ಸನ್ನೆ ಮಾಡಿದಳು. ಲಾಬಿಯ ಗಾಜಿನೊಳಗೆ ಕೆಂಪು ಅಂಕಿ ಮೂರಾಯಿತು, ಎರಡಾಯಿತು.

ಹೊರಗೆ ಬಂದು ಇನ್ನೂ ಇಲ್ಲೇ ನಿಂತಿರುವ ನನ್ನನ್ನು ನೋಡಿದರೆ ಹೆದರಿಕೊಂಡಾರು ಎಂದು, ಬಾಗಿಲು ತೆರೆಯುವ ಮೊದಲೇ ರಸ್ತೆಯ ತಿರುವು ದಾಟಿ ಬಂದುಬಿಟ್ಟೆ.